ಛತ್ರಿ ಮನೆಯಲ್ಲಿ ಓದುವವರು ಎಷ್ಟು ಮಂದಿ?

ಬೆಳಿಗ್ಗೆ ಆರೂಕಾಲು. ಗೋದಾಮುಗಳ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ, ನಲ್ಲಿಯ ಮುಂದೆ ಕೊಡಗಳು ನೀರಿಗೆ ಕಾಯುತ್ತಿವೆ. ಹಳೆಯ ಬ್ರೆಡ್ ವ್ಯಾನೊಂದು ಹಿಮ್ಮುಖವಾಗಿ ಬಂದು ಅವುಗಳ ಪಕ್ಕ ನಿಲ್ಲುತ್ತದೆ. ಹಿಂಬಾಗಿಲಿನಿಂದ ಇಳಿದ ಹೆಂಗಸು ನೆಲಕ್ಕೆ ಚಾಪೆ ಹಾಸಿ, ಅದು ಗಾಳಿಗೆ ಏಳದಂತೆ ನಾಲ್ಕು ಮೂಲೆಗೂ ಒಂದೊಂದು ದಪ್ಪ ನಿಘಂಟು ಇಡುತ್ತಾರೆ.

“ಇದನ್ನ ಯಾರೂ ಮನೆಗೆ ಒಯ್ಯಲ್ಲ ನೋಡಿ. ಕೂತ್ಕೊಂಡಾದ್ರೂ ಕೆಲಸ ಮಾಡ್ಲಿ” ಎಂದು ವರದಿಗಾಗಿ ಬಂದ ನನಗೆ ಹೇಳುತ್ತಾರೆ.

ಇವರು ಗ್ರಂಥಾಲಯದ ಸಂಚಾರಿ ಗಾಡಿಯ ಅಟೆಂಡರ್. ಇಲ್ಲಿನವರಿಗೆಲ್ಲ ‘ಗಾಡಿ ಅಕ್ಕ’. ಎಂಟು ಗಂಟೆಗೆ ಇಲ್ಲಿನ ಗಂಡಸರು, ಹೆಂಗಸರು ಗೋದಾಮಿನ ಕೆಲಸಕ್ಕೆ ಹೊರಟುಬಿಡುತ್ತಾರೆ. ಅದಕ್ಕೇ ಗಾಡಿ ಇಷ್ಟು ಬೇಗ ಬರುವುದು. ಮಗು ಒಂಟಿಯಾಗಿ ಬಂದರೆ ಪುಸ್ತಕ ಸಿಗುವುದಿಲ್ಲ. ಮನೆಯ ದೊಡ್ಡವರೊಬ್ಬರು ಜೊತೆಗೆ ಬಂದು, ಚಾಪೆಯ ಮೇಲೆ ಹತ್ತು ನಿಮಿಷ ಕೂತು ಅದನ್ನು ಬಿಡಿಸಿ ನೋಡಬೇಕು. ತಲೆಗೆ ಟವೆಲ್ ಸುತ್ತಿಕೊಂಡ ತಾಯಿ, ಹಲ್ಲುಜ್ಜುತ್ತಿರುವ ಅಪ್ಪ, ಯಾರಾದರೂ ಸರಿ.

ಗಾಡಿ ಅಕ್ಕ ಹತ್ತೊಂಬತ್ತು ವರ್ಷ ಗ್ರಂಥಾಲಯದ ನೆಲ ಒರೆಸಿದವರು. ಓದಿದ್ದು ಏಳನೇ ತರಗತಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನೂ ಕೆಲಸಕ್ಕೆ ಕರೆತರುತ್ತಿದ್ದರು. ದೊಡ್ಡವಳು ಚಿಕ್ಕವಳಿಗೆ ಮೂಲೆಯಲ್ಲಿ ಕೂತು ಓದಿ ಹೇಳುತ್ತಿದ್ದಳು. “ನಾನು ಕೇಳ್ತಾ ಒರೆಸ್ತಿದ್ದೆ. ಕಥೆ ಮುಗೀಲಿ ಅಂತ ಒಂದೇ ಜಾಗಾನ ಎರಡೆರಡು ಸಲ ಒರೆಸಿದ್ದೂ ಉಂಟು. ಆ ಮೂಲೆ ನೆಲ ಇವತ್ತಿಗೂ ಬೇರೆ ಕಡೆಗಿಂತ ಹೊಳೆಯುತ್ತೆ, ಬೇಕಾದ್ರೆ ನೋಡ್ಕೊಂಡು ಬನ್ನಿ.”

ಮೂರು ವರ್ಷದ ಹಿಂದೆ ಒಂದು ಟ್ರಸ್ಟ್ ಕೊಟ್ಟ ಹಣದಲ್ಲಿ ಈ ವ್ಯಾನು ಬಂತು. ನಸುಕಿನಲ್ಲಿ ಎದ್ದು ಧೂಳಿನಲ್ಲಿ ಅಲೆಯಲು ಬೇರಾರೂ ಒಪ್ಪಲಿಲ್ಲ, ಇವರು ಒಪ್ಪಿದರು. ಈಗ ಗಾಡಿಯಲ್ಲಿ ನಾನ್ನೂರ ಹನ್ನೆರಡು ಪುಸ್ತಕ, ವಾರಕ್ಕೆ ಐದು ನಿಲುಗಡೆ. ಒಂದು ನಿಲುಗಡೆಯಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ನಲವತ್ತು ಸಲವಾದರೂ ಆಗುತ್ತದೆ. ಮೊಣಕಾಲಿಗೆ ಪಟ್ಟಿ ಬಂದಿದೆ.

ಮೊದಲ ತಿಂಗಳು ತಲೆಗೊಂದು ಕಾರ್ಡು ಮಾಡಲು ಹೋದರು. ಹೆಸರು ಬರೆಸಿದರೆ ಮುಂದೆ ಏನೋ ಕಟ್ಟಬೇಕಾಗುತ್ತದೆಂದು ಜನ ಹೆದರಿದರು. ಬಂದವರೂ ಗಂಡುಮಕ್ಕಳ ಹೆಸರು ಮಾತ್ರ ಬರೆಸಿ, “ನನಗ್ಯಾಕೆ ಬಿಡಿ ಅಕ್ಕ” ಎಂದು ಎದ್ದರು. ಆಗ ಗಾಡಿ ಅಕ್ಕ ಮನೆಗೆ ಒಂದೇ ಕಾರ್ಡು ಮಾಡಿದರು. ಹೆಸರಿನ ಜಾಗದಲ್ಲಿ ಆ ಮನೆಯವರೆಲ್ಲ ಕೂಡಿ ಆರಿಸಿದ ಒಂದು ಚಿತ್ರ. ಛತ್ರಿ, ಬಕೆಟ್ಟು, ಬಾತುಕೋಳಿ. ಅಕ್ಷರ ಬಾರದವರೂ ತಮ್ಮ ಕಾರ್ಡನ್ನು ದೂರದಿಂದಲೇ ಗುರುತಿಸುತ್ತಾರೆ. ಬಕೆಟ್ ಮನೆಯವರಿಗೆ ಮಾತ್ರ ಸ್ವಲ್ಪ ಅಸಮಾಧಾನವಿದೆ. ಅವರು ಕೇಳಿದ್ದು ಡೋಲು. ಅಕ್ಕ ಬರೆದದ್ದು ಹಾಗೆ ಕಾಣಿಸಿತು.

ಆ ಚಿತ್ರಗಳೇ ಈಗ ತಲೆನೋವಾಗಿವೆ. ಮುಂದಿನ ವರ್ಷದ ಹಣಕ್ಕಾಗಿ ಟ್ರಸ್ಟ್ ಒಂದು ಫಾರಂ ಕಳಿಸಿದೆ. ನೂರೈವತ್ತು ಓದುಗರಿಗಿಂತ ಕಡಿಮೆಯಿದ್ದರೆ ಗಾಡಿ ನಿಲ್ಲುತ್ತದೆ. “ಗಾಡಿ ನಿಮ್ಮದು, ನಿಮಗೇ ಗೊತ್ತಿರೋದು” ಎಂದು ಗ್ರಂಥಪಾಲಕರು ಅದನ್ನು ಇವರ ಕೈಗೇ ಇಟ್ಟಿದ್ದಾರೆ. ಶನಿವಾರದೊಳಗೆ ತುಂಬಬೇಕು. ‘ಓದುಗರ ಸಂಖ್ಯೆ’ ಎಂಬ ಚೌಕದಲ್ಲಿ ಪೆನ್ಸಿಲಿನಿಂದ ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ತೆಳ್ಳಗಾಗಿದೆ. ಇರುವ ಕಾರ್ಡು ಐವತ್ತೆಂಟು.

“ಸುಮ್ನೆ ಇನ್ನೂರು ಅಂತ ಹಾಕಿ ಅಕ್ಕ” ಎನ್ನುತ್ತಾರೆ ವ್ಯಾನಿನ ಡ್ರೈವರ್. “ಅವರೇನು ಬಂದು ತಲೆ ಎಣಿಸ್ತಾರಾ?”

“ಎಣಿಸೋಕೆ ಬಂದ್ರೆ ಯಾವ ತಲೆ ತೋರಿಸ್ಲಿ? ನಿನ್ನದನ್ನೇ ನೂರು ಸಲ ತೋರಿಸ್ಲಾ?”

ಹಾಗಾಗಿ ಈ ವಾರ ಗಾಡಿ ಅಕ್ಕ ಕಾರ್ಡು ಹಿಡಿದು ಮನೆ ಮನೆಗೆ ಹೋಗಿ ಕೇಳುತ್ತಿದ್ದಾರೆ. ಇವತ್ತು ಮೊದಲು ಛತ್ರಿ ಮನೆ.

“ನಿಮ್ಮನೇಲಿ ಓದೋರು ಎಷ್ಟು ಮಂದಿ?”

“ಒಬ್ಬಳೇ, ಮೊಮ್ಮಗಳು” ಎಂದು ಅಜ್ಜಿ ಖಂಡಿತವಾಗಿ ಹೇಳುತ್ತಾರೆ.

“ಮತ್ತೆ ಮೊನ್ನೆ ಆನೆ ಕಥೆ ಓದಿ ಹೇಳಿದ್ದು ನೀವೇ ಅಲ್ವಾ ಅಜ್ಜಿ?”

“ನನಗೆಲ್ಲಿ ಅಕ್ಷರ ಬರುತ್ತೆ ತಾಯಿ? ಚಿತ್ರ ನೋಡ್ಕೊಂಡು ನಂದೇ ಕಥೆ ಹೇಳಿದೆ. ಪುಸ್ತಕದಲ್ಲಿ ಆನೆ ಕಳೆದುಹೋಗಿತ್ತಂತೆ. ನಾನು ಸೀದಾ ಮದುವೆ ಮಾಡ್ಸಿಬಿಟ್ಟೆ.”

ಅಕ್ಕ ಒಂದು ಗೀಟು ಎಳೆಯುತ್ತಾರೆ. ಸ್ವಲ್ಪ ಯೋಚಿಸಿ ಅಳಿಸುತ್ತಾರೆ.

ಒಳಗಿನಿಂದ ಸೊಸೆ ಬರುತ್ತಾಳೆ. ಮಗಳು ಓದುವಾಗ ಅವಳ ಬೆರಳ ಹಿಂದೆ ತನ್ನ ಬೆರಳೂ ಇಟ್ಟು, ಈ ವರ್ಷ ಅರ್ಧ ಅಕ್ಷರಮಾಲೆ ಕಲಿತಿದ್ದಾಳೆ. “ನನ್ನನ್ನ ಅರ್ಧ ಅಂತ ಬರ್ಕೊಳ್ಳಿ ಅಕ್ಕ.”

“ಯಜಮಾನ್ರು?”

“ಮಲ್ಕೊಂಡು ಕೇಳ್ತಾರೆ.”

“ಕಣ್ಣು ಮುಚ್ಚಿದ್ರೆ ಗಮನ ಜಾಸ್ತಿ ಇರುತ್ತೆ” ಎಂದು ಒಳಗಿನಿಂದ ಗಂಡನ ದನಿ.

“ಹೌದೌದು, ಗೊರಕೆ ಹೊಡೆದ್ರೆ ಇನ್ನೂ ಜಾಸ್ತಿ!”

ಸೊಸೆಯ ಸೊಂಟದ ಮೇಲಿನ ಕೂಸು ಅಷ್ಟರಲ್ಲಿ ಪುಸ್ತಕದ ಮೂಲೆಯನ್ನು ಬಾಯಿಗೆ ಹಾಕಿಕೊಂಡಿದೆ. ಅಕ್ಕ ಅದನ್ನು ಮೆಲ್ಲಗೆ ಬಿಡಿಸಿ, ಜೊಲ್ಲನ್ನು ಸೆರಗಿನಲ್ಲಿ ಒರೆಸಿ, ಕೂಸಿನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. “ಇದನ್ನೇನಂತ ಬರೀಲಿ? ಪುಟ ತಿರುಗ್ಸೋದು ಮಾತ್ರ ಎಲ್ಲರಿಗಿಂತ ಚೆನ್ನಾಗಿ ತಿರುಗ್ಸುತ್ತೆ.”

ಛತ್ರಿ ಮನೆಯ ಲೆಕ್ಕ ಒಂದೋ, ಎರಡೂವರೆಯೋ, ಐದೋ ತೀರ್ಮಾನವಾಗುವುದಿಲ್ಲ. ಪಕ್ಕದ ಬಾತುಕೋಳಿ ಮನೆಯಲ್ಲಿ ಇನ್ನೂ ಕಷ್ಟ. ಅವರು ಪುಸ್ತಕವನ್ನು ಓದಿ, ಗೋಡೆಯಾಚೆಯ ಕಾರ್ಡಿಲ್ಲದ ಮನೆಗೆ ದಾಟಿಸುತ್ತಾರಂತೆ. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೋ ಅವರಿಗೂ ಗೊತ್ತಿಲ್ಲ. ವಾರದ ಕೊನೆಗೆ ಬಂದರೆ ಸರಿ. ಇಷ್ಟು ದಿನ ಅದನ್ನು ‘ತಡ’ ಎಂದು ಬರೆದುಕೊಂಡಿದ್ದ ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ.

“ಕಮ್ಮಿ ಬರೆದ್ರೆ ಗಾಡಿ ಹೋಗುತ್ತೆ. ಜಾಸ್ತಿ ಬರೆದ್ರೆ ಸುಳ್ಳಾಗುತ್ತೋ ಏನೋ. ನಿಜ ಯಾವುದು ಅಂತಾನೇ ಗೊತ್ತಾಗ್ತಿಲ್ವಲ್ಲ. ನೀವೇ ಹೇಳಿ ಮೇಡಂ, ಅಜ್ಜಿ ಓದಿದ್ದಾ, ಓದಿಲ್ವಾ?”



ಎಂಟಾಗುತ್ತದೆ. ತಲೆ ಬಾಚಿಕೊಳ್ಳುತ್ತಲೇ ಹೆಂಗಸರು ಹೊರಡುತ್ತಾರೆ. ಚಾಪೆ ಸುತ್ತಿ, ನಿಘಂಟುಗಳನ್ನು ಒಳಗಿಟ್ಟು, ಗಾಡಿ ಅಕ್ಕ ಡ್ರೈವರ್ ಜೇಬಿನ ಪೆನ್ನು ಕೇಳಿ ತೆಗೆದುಕೊಳ್ಳುತ್ತಾರೆ. ಪೆನ್ಸಿಲ್ ಅಲ್ಲ, ಪೆನ್ನು. ತೆಳ್ಳಗಾದ ಚೌಕದಲ್ಲಿ ಹರಿಯದಂತೆ ಮೆಲ್ಲಗೆ ಬರೆಯುತ್ತಾರೆ: ‘ಐವತ್ತೆಂಟು ಮನೆ. ಒಳಗೆ ಎಷ್ಟು ಮಂದಿ ಓದುತ್ತಾರೆಂದು ನನಗೆ ಎಣಿಸಲು ಬರಲಿಲ್ಲ. ದಯವಿಟ್ಟು ಬಂದು ನೋಡಿ. ಬೆಳಿಗ್ಗೆ ಆರೂವರೆಗೆ ಎಲ್ಲರೂ ಸಿಗುತ್ತಾರೆ.’

ಕೆಳಗೆ ಸಹಿ. ಸಹಿಯ ಪಕ್ಕ ಒಂದು ಪುಟ್ಟ ಛತ್ರಿಯನ್ನೂ ಬಿಡಿಸಿದ್ದಾರೆ.

“ಬರ್ತಾರಾ ಅಕ್ಕ?” ಡ್ರೈವರ್ ಕೇಳುತ್ತಾರೆ.

“ಬರ್ತಾರೋ ಇಲ್ವೋ, ಯಾರಿಗೆ ಗೊತ್ತು” ಎನ್ನುತ್ತ ಗಾಡಿ ಅಕ್ಕ ಹಿಂಬಾಗಿಲು ಹಾಕುತ್ತಾರೆ. “ಬಂದ್ರೆ ಬರಿಗೈಲಿ ಕಳ್ಸೋಕಾಗುತ್ತಾ? ಚಾಪೆ ಮೇಲೆ ಕೂರ್ಸಿ ಅವರಿಗೂ ಒಂದು ಕಾರ್ಡ್ ಮಾಡ್ಕೊಡ್ಬೇಕು. ಯಾವ ಚಿತ್ರ ಬರೀಲಿ ಅನ್ನೋದೇ ಈಗ ಯೋಚನೆ.”