ಆರದ ಗಾಜು

ದೇವರಿಗೆ ದೀಪ ಹಚ್ಚಿ, ಸ್ಕ್ಯಾನರಿನ ಗಾಜು ಒರೆಸುವ ತನಕ ತಿಪ್ಪೇರುದ್ರಪ್ಪ ಟೀ ಮುಟ್ಟುವುದಿಲ್ಲ. ನ್ಯಾಮತಿಯ ತನ್ನ ಮನೆಯ ಪಡಸಾಲೆಯಲ್ಲೇ ಅವನು ಊರವರ ಕಾಗದ, ಫೋಟೊಗಳನ್ನು ಸ್ಕ್ಯಾನ್ ಮಾಡಿಕೊಡುತ್ತಾನೆ. ಸ್ಕ್ರೂ ಬಿಚ್ಚಿ, ಗಾಜು ಎತ್ತಿ, ಒಳಗಿನ ಧೂಳನ್ನು ಹಳೇ ಪಂಚೆಯ ತುಂಡಿನಿಂದ ತೆಗೆದು, ಅದನ್ನೇ ಒದ್ದೆ ಮಾಡಿ ಗಾಜು ಒರೆಸಿ, ಮುಂಗೈ ತಾಗಿಸಿ ತೇವ ನೋಡಿ, ಬೀಸಣಿಗೆಯಿಂದ ಗಾಳಿ ಹಾಕುತ್ತಾನೆ. ಬಸ್ಸಿಗೆ ಹೊತ್ತಾಯಿತೆಂದು ಯಾರು ಗೋಗರೆದರೂ "ತಡೀರಿ, ಇನ್ನೂ ಆರಿಲ್ಲ" ಎನ್ನುತ್ತಾನೆ. "ನಿನ್ನ ಗಾಜು ಆರೋದ್ರಾಗೆ ನಮ್ಮ ಮೆಕ್ಕೆಜೋಳ ತೆನೆ ಬಿಡ್ತೈತೆ ಕಣಪ್ಪ" ಎಂದು ಬಂದವರು ಛೇಡಿಸಿದರೆ ತಾನೂ ನಗುತ್ತಾನೆ. ಕೆಂಪಕ್ಕ ಬಂದರೆ ಮಾತ್ರ ನಗು ನಿಲ್ಲುತ್ತದೆ. ತೀರಿಹೋದ ಮಗಳ ಒಂದೇ ಒಂದು ಫೋಟೊವನ್ನು ಆಕೆ ತಂದ ದಿನ, ಅವಸರದಲ್ಲಿ ಅವನು ಅದನ್ನು ಒದ್ದೆ ಗಾಜಿನ ಮೇಲಿಟ್ಟಿದ್ದ. ಎತ್ತುವಾಗ ಹುಡುಗಿಯ ಮುಖ ಕಿತ್ತು ಗಾಜಿಗೇ ಅಂಟಿಕೊಂಡಿತು. ಗಾಜಿಗೆ ಅಂಟಿದ್ದ ಹಾಗೆಯೇ ಸ್ಕ್ಯಾನ್ ಮಾಡಿದ್ದರೆ ಆ ಮುಖ ಉಳಿಯುತ್ತಿತ್ತು. ಜಗಲಿಯಲ್ಲಿ ಕೂತಿದ್ದ ಕೆಂಪಕ್ಕನ ಕಣ್ಣಿಗೆ ಬೀಳಬಾರದೆಂದು ಅವನು ಅದನ್ನು ಉಜ್ಜಿ ಅಳಿಸಿಬಿಟ್ಟ. ಹಳೇ ಫೋಟೊ, ತಾನೇ ಕಿತ್ತುಬಂತು ಎಂದ, ಆಕೆ ನಂಬಿದಳು. ಇದನ್ನು ಅವನು ಹೇಳಿದ್ದು ಪಕ್ಕದ ಮನೆಯ ನನಗೆ ಮಾತ್ರ, ಅದೂ ತಲೆ ಎತ್ತದೆ. ನಿನ್ನೆ ಪಿಂಚಣಿಯ ಕಾಗದ ಹಿಡಿದು ಬಂದ ಕೆಂಪಕ್ಕ, ಅವನು ಗಾಜಿನ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜುವುದನ್ನು ಕಂಡಳು. "ಇನ್ನೂ ಅದನ್ನೇ ಮನಸ್ಸಿಗೆ ಹಚ್ಕಂಡಿಯಾ? ಹಳೇ ಫೋಟೊ ಅದು, ನೀನೇನು ಮಾಡಾಕೆ ಆಗ್ತಿತ್ತು? ಬಟ್ಟೆ ಇತ್ಲಾಗೆ ಕೊಡು ಮಗಾ, ನಾನು ಒರೆಸ್ತೀನಿ" ಎಂದು ಕೈ ಚಾಚಿದಳು. ಅವನು ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡು, "ಬ್ಯಾಡ ಬಿಡ್ರಿ ಕೆಂಪಕ್ಕ, ಈ ಗಾಜು ಮಾತ್ರ ನೀವು ಒರೆಸಬಾರ್ದು" ಎಂದ.