ಜೈಲಿಗೆ ರೊಟ್ಟಿ ಬಡಿದವಳು

ನನ್ನಜ್ಜಿಗೆ ಹೊದಿಸಿದ ಆ ಶಾಲನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಕೊಪ್ಪಳ ಬೇರೆ ಜಿಲ್ಲೆಯಾದ ಹೊಸತು. ನಮ್ಮ ತಾಲೂಕಿನ ಹಳೇ ಜೈಲಿಗೆ ಸುಣ್ಣ ಬಳಿದು, ಅದರ ಇತಿಹಾಸ ಕೆತ್ತಿದ ಕಲ್ಲೊಂದನ್ನು ಬಾಗಿಲ ಪಕ್ಕ ನಿಲ್ಲಿಸುವುದೆಂದು ಊರಿನ ದೊಡ್ಡವರು ಸಮಿತಿ ಮಾಡಿಕೊಂಡರು. ಒಂದು ಕಾಲದಲ್ಲಿ ಆ ಜೈಲಿಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು ಅಜ್ಜಿ. ಸನ್ಮಾನ ಮಾಡುತ್ತೇವೆ, ಕರೆತನ್ನಿ ಎಂದು ಹೇಳಿ ಕಳಿಸಿದರು.

ಯಾರಿಗೆ ಬಡಿದಳು ಅಂತ ಒಬ್ಬನಾದರೂ ಕೇಳಬೇಡವೇ? ರಜಾಕಾರರ ಹಾವಳಿಯಲ್ಲಿ ನಮ್ಮ ಹಳ್ಳಿ ಸುಟ್ಟುಹೋಯಿತು. ಅಜ್ಜನನ್ನು ಮನೆ ಬಾಗಿಲಲ್ಲೇ ಕಡಿದರು. ಕೂಸಾಗಿದ್ದ ನಮ್ಮಪ್ಪನನ್ನು ಎದೆಗವಚಿಕೊಂಡು ಅಜ್ಜಿ ಜೋಳ ತುಂಬುವ ಖಾಲಿ ಹಗೇವಿನೊಳಗೆ ಇಳಿದಳು. ಮೇಲೆ ಕಲ್ಲು ಮುಚ್ಚಿ ಕಾದವರು ಪಕ್ಕದ ಮನೆಯ ಸಾಬರು. ಬೆಂಕಿ ಇಡುವವರಿಗೆ ಮನೆ ಮನೆ ತೋರಿಸಿ, ಕಡಿಯುವುದಕ್ಕೂ ತಾವೇ ಕೈ ಹಚ್ಚಿದವರು ನಮ್ಮದೇ ಜಾತಿಯ ಹಿರಿಯರು! ನಿಜಾಮನ ಆಳ್ವಿಕೆ ಮುಗಿದ ಮೇಲೆ ಶಿಕ್ಷೆಯಾಗಿ ಅವರು ಇದೇ ಜೈಲು ಸೇರಿದರು.

ಅಜ್ಜಿ ಆ ರೊಟ್ಟಿ ಕೆಲಸ ಹಿಡಿದದ್ದು ಆಗಲೇ. ಕಾಲೇಜಿನಲ್ಲಿದ್ದಾಗ ನಾನು ಜಗಳವನ್ನೇ ತೆಗೆದಿದ್ದೆ. "ಗಂಡನ್ನ ಕೊಂದವರಿಗೆ ಬಿಸಿ ರೊಟ್ಟಿ ಹ್ಯಾಂಗ ಕೊಟ್ಟಿಬೇ?"

"ಒಳಗ ಅದಾರೋ ಇಲ್ಲೋ ದಿನಾ ಕಣ್ಣಾರೆ ನೋಡಬೇಕಿತ್ತು," ಅಂದಳು. "ನೋಡಿ ಬಂದ್ರನ ನನಗ ನಿದ್ದಿ."

ಸಮಾರಂಭದ ದಿನ ಕಲ್ಲಿನ ಪರದೆ ಸರಿಸಿದರು. ದೇಶಭಕ್ತರು ಸೆರೆಯಲ್ಲಿದ್ದ ಪುಣ್ಯಸ್ಥಳ ಎಂದಿತ್ತು. ಅದೇನೂ ಸುಳ್ಳಲ್ಲ, ನಿಜಾಮನ ಕಾಲದಲ್ಲಿ ಅವರೂ ಇದ್ದರು. ಆಮೇಲೆ ಇದ್ದವರನ್ನು ಮಾತ್ರ ಸಮಿತಿಯವರು ನುಂಗಿ ನೀರು ಕುಡಿದಿದ್ದರು. ಕೊಲೆಗಡುಕರ ಮೊಮ್ಮಕ್ಕಳೇ ಸಮಿತಿಯಲ್ಲಿ ಕೂತರೆ ಇನ್ನೇನಾಗುತ್ತದೆ! ಅಂಥ ಒಬ್ಬ ಮೊಮ್ಮಗನೇ "ದೇಶಭಕ್ತರಿಗೆ ಉಣಿಸಿದ ಮಹಾತಾಯಿ" ಎಂದು ಅಜ್ಜಿಗೆ ಶಾಲು ಹೊದಿಸಿದ.

ಅಜ್ಜಿ ಮೈಕಿನ ಮುಂದೆ ಬಗ್ಗಿ, "ನಾ ರೊಟ್ಟಿ ಕೊಟ್ಟಿದ್ದು ನನ್ನ ಗಂಡನ್ನ ಕೊಂದವರಿಗ್ರಿ. ನಿಮ್ಮ ಮುತ್ಯಾನೂ ತಿಂದಾನ," ಅಂದಳು.

ಅವನು ನಗುತ್ತಲೇ ಮೈಕು ಕಸಿದುಕೊಂಡ. "ಅಮ್ಮಗ ಭಾಳ ವಯಸ್ಸಾಗೈತ್ರಿ, ಮರವು," ಎಂದ. ಜನ ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟ ಜನ. ನಾನು ವೇದಿಕೆ ಹತ್ತಿ ಕೂಗಾಡಿದೆ, ಇಬ್ಬರು ರಟ್ಟೆ ಹಿಡಿದು ಕೆಳಗಿಳಿಸಿದರು.

ಹಳ್ಳಿಗೆ ಮರಳುವ ಬಸ್ಸಿನಲ್ಲಿ ಅಜ್ಜಿ ಶಾಲನ್ನು ಮುದ್ದೆ ಮಾಡಿ ಸೀಟಿನ ಕೆಳಗೆ ತುರುಕಿದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಕಲ್ಲಿನ್ಯಾಗ ಅವರ ಸುದ್ದಿ ಒಂದೀಟೂ ಇಲ್ಲೇನು?" ಎಂದು ಕೇಳಿದಳು.

"ಇಲ್ಲಬೇ."

"ಹಂಗಾದ್ರ ಇವತ್ತ ಅವರನ್ನ ಹೊರಗ ಬಿಟ್ರು ಅನ್ನು."

ಅವತ್ತಿನಿಂದ ಸಾಯುವ ತನಕ, ನಿದ್ದೆ ಹತ್ತುವ ಮುಂಚೆ ಎದ್ದೆದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡುತ್ತಿದ್ದಳು.