ಹನ್ನೊಂದು ಹೆಜ್ಜೆ

ಇತೊನಾಗ ನೊರಿಯೊ ಕೊಕುರಾ ಊರಿನಲ್ಲಿ ನೀರಿನ ಮೀಟರ್ ಓದುವವನು. ಇಪ್ಪತ್ತೇಳು ವರ್ಷದಿಂದ ಮನೆಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಬ್ಬಿಣದ ಮುಚ್ಚಳ ಎತ್ತಿ, ಅಂಕಿ ಬರೆದುಕೊಂಡು ಎದ್ದಿದ್ದಾನೆ. ಒಂದು ಅಂಕಿ ಹೆಚ್ಚುಕಮ್ಮಿಯಾಯಿತೆಂದು ಯಾರೂ ದೂರು ಕೊಟ್ಟದ್ದಿಲ್ಲ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ "ಯಾರೂ ಕೇಳ್ಲಿಲ್ಲ" ಅನ್ನುತ್ತಾನೆ, ಮಾತು ಬದಲಿಸುತ್ತಾನೆ. ಈಗ ಐವತ್ತು ತುಂಬಿದೆ. ತನ್ನದು ಅಂತ ಹೇಳಿಕೊಳ್ಳಲು ಅವನಿಗಿದ್ದದ್ದು ಒಬ್ಬ ಗೆಳೆಯ, ಶಿರೌಜು. ಆ ಗೆಳೆಯನ ಪಕ್ಕದಲ್ಲಿ ಒಂದು ಜಾಗ. ಆ ಜಾಗಕ್ಕಾಗಿ ಅವನು ಪಟ್ಟ ಹೊಟ್ಟೆಕಿಚ್ಚನ್ನು ಕಣ್ಣಾರೆ ಕಂಡವರು ನಾವು ಏಳೆಂಟು ಜನ ಇದ್ದೇವೆ.

ಹದಿಮೂರನೆಯ ವಯಸ್ಸಿನ ಬೇಸಿಗೆ ರಜೆಯಲ್ಲಿ ಶಿರೌಜು ಮನೆಗೆ 'ಉಪ್ಪಿನ ಕೋಟೆ' ಎಂಬ ವಿಡಿಯೊ ಆಟದ ಎರಡನೆಯ ಭಾಗ ಬಂತು. ಆಡುವವನೇ ಯೋಧನಾಗಿ, ಕೋಟೆಯಡಿಯ ನೆಲಮಾಳಿಗೆಗಳಲ್ಲಿ ದಾರಿ ಹುಡುಕುತ್ತ, ಎದುರಾದವರನ್ನು ಬಡಿದು ಬಲ ಹೆಚ್ಚಿಸಿಕೊಳ್ಳುತ್ತ ಇಳಿದು ಹೋಗುವ ಆಟ. ಒಳಗೆ ಎಲ್ಲ ಗೋಡೆಯೂ ಒಂದೇ ಥರ, ಹೆಜ್ಜೆ ತಪ್ಪಿದರೆ ಗುಂಡಿ. ಕಂಟ್ರೋಲರ್ ಶಿರೌಜು ಕೈಯಲ್ಲಿ. ಇತೊನಾಗನ ತೊಡೆಯ ಮೇಲೆ ಗ್ರಾಫ್ ಹಾಳೆ. ಒಂದು ಹೆಜ್ಜೆಗೆ ಒಂದು ಚೌಕ. "ಮುಂದೆ ಏಳು, ಬಲಕ್ಕೆ ಮೂರು" ಎಂದು ಇವನು ಹೇಳುವುದು, ತಿರುಗಿ ನೋಡದೆ ಅವನು ನಡೆಯುವುದು. ಇವನ ಲೆಕ್ಕ ನಂಬಿ ಶಿರೌಜು ಒಂದು ಸಲವೂ ಗುಂಡಿಗೆ ಬೀಳಲಿಲ್ಲ. ಕಂಟ್ರೋಲರ್ ಒಂದು ಸಲವೂ ಇವನ ಕೈಗೆ ಬರಲಿಲ್ಲ. ಕೇಳಬೇಕೆಂದು ಇವನಿಗೂ ಅನ್ನಿಸಲಿಲ್ಲ, ಅಥವಾ ಅನ್ನಿಸಲಿಲ್ಲ ಎಂದುಕೊಂಡಿದ್ದ.

ಆ ಆಟದ ಮರುಳು ಹಿಡಿದವರೆಲ್ಲ ಅಂಗಡಿ ಬೀದಿಯ ಕುಜುಹರ ಅಕ್ಕನ ಹಳೆ ಗೇಮ್ ಅಂಗಡಿಯ ಮೇಲಿನ ಕೋಣೆಯಲ್ಲಿ ತಿಂಗಳ ಮೊದಲ ಭಾನುವಾರ ಊಟವಾದ ಮೇಲೆ ಸೇರುತ್ತೇವೆ. ಹುರಿದ ಉಡೊನ್ ಶಾವಿಗೆ, ಬಾರ್ಲಿ ಚಹಾ, ಮತ್ತೆ ಒಂದೇ ಜಗಳ: ಯಾವ ಭಾಗ ದೊಡ್ಡದು? ಅಕ್ಕನದು ಒಂದೇ ಕಟ್ಟಳೆ. ಇಂಟರ್‌ನೆಟ್ ನೋಡಿ ದಾರಿ ಕಲಿತು ಬಂದವರು ಮೆಟ್ಟಿಲು ಹತ್ತಕೂಡದು. ತಾನೇ ನಡೆದು ಕಂಡದ್ದನ್ನು ಮಾತ್ರ ಆಡಬೇಕು. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಕೈಯೆತ್ತಿ ತೀರ್ಮಾನ. ಮೂರನೆಯದು ಬಂತು, ನಾಲ್ಕನೆಯದು ಬಂತು. ಗೆದ್ದದ್ದು ಮಾತ್ರ ಪ್ರತಿ ವರ್ಷವೂ ಎರಡನೆಯದೇ. ಶಿರೌಜುವಿನ ಗಂಟಲು ದೊಡ್ಡದು, ಇತೊನಾಗನ ನೆನಪು ದೊಡ್ಡದು. ಇಬ್ಬರೂ ಅಕ್ಕಪಕ್ಕ ಕೂತು ಶುರುಮಾಡಿದರೆ ಉಳಿದವರು ಉಡೊನ್ ತಿನ್ನುವುದೇ ಕ್ಷೇಮ ಅನ್ನಿಸುತ್ತಿತ್ತು.

ಈ ವರ್ಷ ಐದನೆಯದು ಬಂತು. ಜೊತೆಗೆ ಶಿರೌಜುವಿನ ಅಳಿಯನೂ ಬಂದ. ಮುತಾ ಅಂತ, ಮೂವತ್ತರ ಪ್ರಾಯ, ಸಿಟಿ ಬಸ್ಸಿನ ಡ್ರೈವರು. ಮೆದು ಮಾತು, ಬಾಗಿ ನಮಸ್ಕಾರ, ಮೆಟ್ಟಿಲ ಕೆಳಗೆ ಎಲ್ಲರ ಚಪ್ಪಲಿಯನ್ನೂ ಸಾಲಾಗಿ ತಿರುಗಿಸಿಡುವ ಒಳ್ಳೆತನ. ಒಂದು ಕೊಂಕು ಸಿಕ್ಕಿದ್ದರೆ ಇತೊನಾಗನಿಗೆ ಎಷ್ಟೋ ಹಗುರಾಗುತ್ತಿತ್ತು. ಹುಡುಕಿದ, ಸಿಗಲಿಲ್ಲ. ಅದಕ್ಕೇ ಮತ್ತಷ್ಟು ಉರಿಯಿತು.

ನವೆಂಬರಿನ ಸಭೆಯಲ್ಲಿ ಇತೊನಾಗ ಬರುವ ಹೊತ್ತಿಗೆ ಮುತಾ ಮಾವನ ಬಲಗಡೆ ಕೂತಿದ್ದ. ಅದು ಇತೊನಾಗ ಕೂರುವ ಜಾಗ. ಹೆಸರು ಬರೆದಿಟ್ಟ ಜಾಗವೇನಲ್ಲ, ಎದ್ದೇಳು ಅನ್ನುವ ಹಾಗಿಲ್ಲ. ಕಿಟಕಿಯ ಹತ್ತಿರ ಕೂತ.

"ಐದನೆಯದರಲ್ಲಿ ನಕ್ಷೆ ತಾನೇ ಬರ್ಕೊಳ್ಳುತ್ತಂತೆ," ಎಂದು ಕೂತ ಕೂಡಲೇ ಶುರುಮಾಡಿದ. "ಅದೂ ಒಂದು ಆಟವಾ? ಅನ್ನ ಅಗಿದು ಬಾಯಿಗಿಟ್ಟ ಹಾಗೆ."

"ನೀನು ಆಡಿದ್ಯೇನೋ?" ಎಂದಳು ಕುಜುಹರ ಅಕ್ಕ. ಎಪ್ಪತ್ತು ದಾಟಿದ ಹೆಂಗಸು, ನಾಲಿಗೆಗೆ ಇನ್ನೂ ಹದಿನೆಂಟು.

"ಆಡಲ್ಲ. ಆಡೋ ಅಗತ್ಯವೇ ಇಲ್ಲ."

"ಹೆಣ್ಣು ನೋಡದೇ ಮೂಗು ಚಪ್ಪಟೆ ಅಂದನಂತೆ. ಇದಕ್ಕೇ ನಿನಗೆ ಮದುವೆ ಆಗ್ಲಿಲ್ಲ."

ಎಲ್ಲರೂ ನಕ್ಕರು. ಇತೊನಾಗ ಶಿರೌಜು ಕಡೆ ನೋಡಿದ. ಈಗ ಅವನು ಗಂಟಲು ಎತ್ತುತ್ತಾನೆ, ಎಲ್ಲರ ಬಾಯಿ ಮುಚ್ಚಿಸುತ್ತಾನೆ ಎಂದು ಕಾದ. ಶಿರೌಜು ಉಡೊನ್ ಬಟ್ಟಲು ಕೆಳಗಿಟ್ಟು ಕುತ್ತಿಗೆ ಕೆರೆದುಕೊಂಡ.

"ಲೋ ನೊರಿ, ಬೇಜಾರು ಮಾಡ್ಕೋಬೇಡ. ಐದನೆಯದು ಚೆನ್ನಾಗಿದೆ ಕಣೋ. ನಾವಿಬ್ಬರೂ ಭಾನುವಾರ ಭಾನುವಾರ ಕೂತು ಮುಗಿಸಿದ್ವಿ. ಎರಡನೆಯದಕ್ಕಿಂತ ಒಂದು ಕೈ ಮೇಲೇನೇ ಅಂತ ಅನ್ಸುತ್ತೆ."

ನಾವಿಬ್ಬರೂ ಎಂಬ ಮಾತು ಮೂವತ್ತೇಳು ವರ್ಷ ಇತೊನಾಗನನ್ನು ಸೇರಿಸಿಕೊಂಡಿತ್ತು. ಈಗ ಅದರೊಳಗೆ ಇನ್ನೊಬ್ಬ ಕೂತಿದ್ದ. ಇತೊನಾಗ ಚಹಾ ಕುಡಿದ. ತಣ್ಣಗಾಗಿತ್ತು, ಆದರೂ ಕುಡಿದ.

"ನೀವು ಬರೆದ ಎರಡನೆಯ ಭಾಗದ ನಕ್ಷೆಗಳನ್ನ ಮಾವ ತೋರಿಸಿದ್ರು ಇತೊನಾಗ ಅವ್ರೇ," ಎಂದ ಮುತಾ. "ಅಷ್ಟು ಅಚ್ಚುಕಟ್ಟು ನಾನೆಲ್ಲೂ ನೋಡಿಲ್ಲ."

ನನ್ನನ್ನು ಕೇಳದೆ ನನ್ನ ನಕ್ಷೆ ಇವನಿಗೆ ತೋರಿಸಿದನಾ? "ಅಳಿಯನ ಮಾತು ಕೇಳಿ ಬುದ್ಧಿ ಬದಲಾಯಿಸ್ಕೊಂಡ್ಯಾ?" ಎಂದು ಶಿರೌಜುವನ್ನು ಕುಟುಕಿದ.

"ಅಳಿಯನ ಮಾತಲ್ಲಪ್ಪ, ಮಗಳ ಗಂಡನ ಮಾತು," ಎಂದು ಶಿರೌಜು ನಕ್ಕ. ಮುತಾನ ಬೆನ್ನು ತಟ್ಟಿದ.

ಮಾರನೆಯ ವಾರವೇ ಇತೊನಾಗ ರೈಲು ಹತ್ತಿ, ಕಡಲ ಅಡಿಯ ಸುರಂಗ ದಾಟಿ, ಶಿಮೊನೊಸೆಕಿಗೆ ಹೋಗಿ ಐದನೆಯ ಭಾಗ ಕೊಂಡು ತಂದ. ಕೊಕುರಾದಲ್ಲಿ ಕೊಂಡರೆ ಅಕ್ಕನ ಕಿವಿಗೆ ಬೀಳುತ್ತದೆ. ಅವನು ಕೊಂಡದ್ದು ಹುಳುಕು ಹೆಕ್ಕಲು. ಹುಳುಕಿನ ಪಟ್ಟಿ ಮಾಡಿ ಡಿಸೆಂಬರಿನ ಸಭೆಯಲ್ಲಿ ಆ ಮಗಳ ಗಂಡನ ಮುಂದೆ ಹರಡಬೇಕು, ಶಿರೌಜು ತಲೆ ತಗ್ಗಿಸಿ ಮತ್ತೆ ತನ್ನ ಪಕ್ಕಕ್ಕೆ ಬಂದು ಕೂರಬೇಕು. ಸಂಜೆ ಕೆಲಸ ಮುಗಿಸಿ ಬಂದು ಊಟದವರೆಗೆ ಆಡಿದ. ಮೂರನೆಯ ದಿನ ಊಟ ಮರೆತ. ಒಂದು ವಾರ ಕಳೆಯುವಷ್ಟರಲ್ಲಿ, ಒಬ್ಬನೇ ಇದ್ದ ಕೋಣೆಯಲ್ಲಿ, ಯಾರೂ ಕೇಳಿಸಿಕೊಳ್ಳಲಾರರೆಂಬ ಧೈರ್ಯದಲ್ಲಿ, "ಛೆ, ಚೆನ್ನಾಗಿದೆ" ಎಂದ.

ಯಂತ್ರ ನಕ್ಷೆ ಬರೆಯುತ್ತಿದ್ದರೂ ಅವನು ಗ್ರಾಫ್ ಹಾಳೆ ಬಿಡಲಿಲ್ಲ. ಬೇರೆಯವರು ಓದಿದ ಮೀಟರನ್ನು ನಂಬುವ ಜಾತಿಯವನಲ್ಲ ಅವನು. ಕೊನೆಯದಾದ ನಾಲ್ಕನೆಯ ಮಾಳಿಗೆ ಮುಗಿದಾಗ ಹಾಳೆಯ ನಡುವೆ ಐದು ಚೌಕ ಅಗಲ, ಐದು ಚೌಕ ಉದ್ದ ಖಾಲಿ ಉಳಿಯಿತು. ಯಂತ್ರದ ನಕ್ಷೆಯಲ್ಲಿ ಅಲ್ಲಿ ದಪ್ಪ ಗೋಡೆ, ಅಷ್ಟೇ. ಎಣಿಸುತ್ತ ಬಂದವನಿಗೆ ಮಾತ್ರ ಗೊತ್ತು, ಯಾವ ಗೋಡೆಯೂ ಅಷ್ಟು ದಪ್ಪ ಇರುವುದಿಲ್ಲ. ಆ ಗೋಡೆಯ ಸುತ್ತ ಒಂದು ಕತ್ತಲ ಹಜಾರ; ಟಿವಿ ಪರದೆಯೇ ಕಪ್ಪಾಗುತ್ತದೆ, ಯಂತ್ರದ ನಕ್ಷೆಯೂ ನಿಲ್ಲುತ್ತದೆ, ನೆಲದಲ್ಲಿ ಗುಂಡಿಗಳು. ಹತ್ತು ದಿನ ಬಿದ್ದು ಎದ್ದು, ಒಂದೊಂದೇ ಹೆಜ್ಜೆ ಬರೆದುಕೊಂಡು, ಕೊನೆಗೆ ಬಾಗಿಲು ಕಂಡುಹಿಡಿದ. ಆಟ ಮುಗಿಯಿತೆಂದು ಎಲ್ಲರೂ ಅಂದುಕೊಂಡಲ್ಲಿ ಇನ್ನೊಂದು ಮಾಳಿಗೆಗೆ ಇಳಿಯುವ ಮೆಟ್ಟಿಲಿತ್ತು.

ಈಗ ಅವನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು. ಹೇಳಿದರೆ, ಐದನೆಯದು ದೊಡ್ಡದೆಂದು ಒಪ್ಪಿದ ಹಾಗೆ. ಜಗಳ ಮುಗಿಯಿತು, ಗೆದ್ದವನು ಮುತಾ. ಹೇಳದಿದ್ದರೆ, ತನ್ನ ಜೀವನದ ಅತಿ ಚಂದದ ನಕ್ಷೆಯನ್ನು ಯಾರೂ ನೋಡುವುದಿಲ್ಲ. ಶಿರೌಜು ನೋಡುವುದಿಲ್ಲ. ಮೀಟರ್ ಮುಚ್ಚಳ ಎತ್ತುವಾಗೆಲ್ಲ ಇದೇ ಯೋಚನೆ. ಕೊನೆಗೆ ಹೊಟ್ಟೆಕಿಚ್ಚೇ ತೀರ್ಪು ಕೊಟ್ಟಿತು: ಅವರಿಬ್ಬರೂ ಸೇರಿ ಕಾಣದ್ದನ್ನು ನಾನೊಬ್ಬ ಕಂಡಿದ್ದೇನೆ, ಅದು ಶಿರೌಜುವಿಗೆ ಗೊತ್ತಾಗಲಿ.

ಡಿಸೆಂಬರಿನ ಭಾನುವಾರ ಎಲ್ಲರಿಗೂ ಕೊನೆಯ ಕಾಳಗ ತೋರಿಸಲೆಂದು ಮುತಾ ತನ್ನ ಆಟದ ಯಂತ್ರವನ್ನು ತಂದಿದ್ದ. "ನಾಲ್ಕು ಮಾಳಿಗೇಲೂ ನಾವು ನೋಡದ ಮೂಲೆ ಇಲ್ಲ," ಎಂದು ಶಿರೌಜು ಹೇಳುತ್ತಿದ್ದಂತೆ ಇತೊನಾಗ ಜೇಬಿನಿಂದ ಮಡಿಸಿದ ಹಾಳೆ ತೆಗೆದ.

"ಇದೆ. ಇನ್ನೊಂದು ಮಾಳಿಗೆ ಇದೆ," ಎಂದ.

ಕುಜುಹರ ಅಕ್ಕನೇ ಮೊದಲು ಬಾಯಿಬಿಟ್ಟಳು. "ಆಡೋದೇ ಇಲ್ಲ ಅಂದಿದ್ಯಲ್ಲೋ. ಎಲ್ಲಿ ಕೊಂಡೆ?"

"ಶಿಮೊನೊಸೆಕಿಲಿ."

"ನನ್ನ ಕಣ್ಣು ತಪ್ಪಿಸೋಕೆ ಸಮುದ್ರ ದಾಟಿದ್ಯಾ? ಕಳ್ಳ."

ಶಿರೌಜು ನಗಲಿಲ್ಲ. ಅವನ ಮುಖ ಹದಿಮೂರರ ಹುಡುಗನದಾಗಿತ್ತು. "ಬಾರೋ ನೊರಿ," ಎಂದು ಕೈ ಹಿಡಿದು ಎಬ್ಬಿಸಿದ. ಎಲ್ಲರೂ ಮೆಟ್ಟಿಲಿಳಿದು ಅಂಗಡಿಯ ದೊಡ್ಡ ಟಿವಿಯ ಮುಂದೆ ಸೇರಿದರು. ಕೈಯೆತ್ತುವ ವಿಷಯ ಯಾರಿಗೂ ನೆನಪಾಗಲಿಲ್ಲ.

ಶಿರೌಜು ಕಂಟ್ರೋಲರ್ ಹಿಡಿದ. ಇತೊನಾಗ ಅವನ ಬಲಗಡೆ ಕೂತು ಹಾಳೆಯನ್ನು ತೊಡೆಯ ಮೇಲೆ ಬಿಚ್ಚಿದ. ಮುತಾ ಇಬ್ಬರ ಹಿಂದೆ ಮೊಣಕಾಲೂರಿದ. ನಾಲ್ಕನೆಯ ಮಾಳಿಗೆಯಲ್ಲಿ ಆಟವನ್ನು ಸೇವ್ ಮಾಡಲು ಬರುವುದಿಲ್ಲ. ಸತ್ತರೆ ಮೇಲಿನ ಬಾಗಿಲಿನಿಂದ ಮತ್ತೆ ಶುರು. ಒಂದು ಗಂಟೆ ನಡೆದು ಕತ್ತಲ ಹಜಾರ ಮುಟ್ಟಿದರು. ಪರದೆ ಕಪ್ಪಾಯಿತು.

"ಮುಂದೆ ಆರು," ಎಂದ ಇತೊನಾಗ. ಶಿರೌಜು ಆರು ಹೆಜ್ಜೆ ಇಟ್ಟ. "ಬಲಕ್ಕೆ ನಾಲ್ಕು. ಮುಂದೆ ಎರಡು." ಒಂದು ಪ್ರಶ್ನೆಯಿಲ್ಲ, ಒಂದು ತಡೆಯಿಲ್ಲ. ಇತೊನಾಗನಿಗೆ ಸುಖದಿಂದ ಕಿವಿ ಬಿಸಿಯಾಯಿತು. ಐದನೆಯದು ಗೆಲ್ಲಲಿ, ಹತ್ತನೆಯದು ಗೆಲ್ಲಲಿ, ತನಗೇನು?

ಇನ್ನೊಂದೇ ತಿರುವು ಉಳಿದಿತ್ತು. ಆಗ ಶಿರೌಜು ಆಟ ನಿಲ್ಲಿಸಿ ಹಿಂದೆ ತಿರುಗಿದ.

"ಹಿಡ್ಕೋ ಮುತಾ. ಬಾಗಿಲು ನೀನು ತೆಗಿ. ನಿನ್ನ ಯೋಧ ತಾನೇ ಇದು."

"ಮಾವ, ನೀವೇ ತೆಗೀರಿ."

"ಹಿಡ್ಕೋ ಅಂದ್ನಲ್ಲ."

ಕಂಟ್ರೋಲರ್ ಇತೊನಾಗನ ಮೂಗಿನ ಮುಂದೆಯೇ ಹಾದು ಮುತಾನ ಕೈ ಸೇರಿತು. ಮೂವತ್ತೇಳು ವರ್ಷ. ಎಷ್ಟು ಬಾಗಿಲಿಗೆ ದಾರಿ ಹೇಳಿದ್ದ, ಒಂದನ್ನಾದರೂ ನೀನು ತೆಗಿ ಅಂದಿದ್ದನಾ? ಮೊನ್ನೆ ಬಂದವನಿಗೆ ಅಂದ. ಹಿತ್ತಲ ಗಿಡ ಯಾವತ್ತಿಗೆ ಮದ್ದಾದೀತು?

"ಎಡಕ್ಕೆ ಎಷ್ಟು ಹೆಜ್ಜೆ ಇತೊನಾಗ ಅವ್ರೇ?" ಎಂದು ಮುತಾ ಕೇಳಿದ.

ಹಾಳೆಯಲ್ಲಿ ಹನ್ನೊಂದು ಎಂದಿತ್ತು.

"ಒಂಬತ್ತು," ಎಂದ ಇತೊನಾಗ. "ಆಮೇಲೆ ಮುಂದಕ್ಕೆ."

ಮುತಾ ಒಂಬತ್ತು ಹೆಜ್ಜೆ ನಡೆದು ಮುಂದಕ್ಕಿಟ್ಟ. ಯೋಧ ಗುಂಡಿಗೆ ಬಿದ್ದ. ಪರದೆ ಕೆಂಪಾಯಿತು, ಸಾವಿನ ಸಂಗೀತ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಎಲ್ಲರೂ ಒಟ್ಟಿಗೆ ಗೊಣಗಿದರು. ಇತೊನಾಗನಿಗೆ ಒಂದು ಕ್ಷಣ, ಒಂದೇ ಕ್ಷಣ, ತಣ್ಣೀರು ಕುಡಿದ ಹಾಗಾಯಿತು. ಈಗ ಶಿರೌಜು ಅಳಿಯನಿಗೆ ಬೈಯುತ್ತಾನೆ, ಕಂಟ್ರೋಲರ್ ಕಿತ್ತುಕೊಳ್ಳುತ್ತಾನೆ.

ಶಿರೌಜು ಅಳಿಯನ ಕಡೆ ನೋಡಲೇ ಇಲ್ಲ. ಇತೊನಾಗನ ಭುಜದ ಮೇಲೆ ಕೈಯಿಟ್ಟ. "ಬಿಡೋ ನೊರಿ, ಪರವಾಗಿಲ್ಲ," ಎಂದ. ದನಿಯಲ್ಲಿ ಇಷ್ಟೂ ಕೋಪವಿರಲಿಲ್ಲ. "ಐವತ್ತಾಯ್ತು. ನನಗೂ ಹತ್ತಿರದ್ದು ಮಂಜು ಮಂಜು."

ಆಮೇಲೆ, ಈವರೆಗೆ ಎಂದೂ ಮಾಡದಿದ್ದ ಕೆಲಸ ಮಾಡಿದ. ಇತೊನಾಗನ ತೊಡೆಯ ಮೇಲಿನ ಹಾಳೆಯನ್ನು ಮೆಲ್ಲಗೆ ಎತ್ತಿಕೊಂಡು ಅಳಿಯನಿಗೆ ಕೊಟ್ಟ. "ನೀನೊಂದ್ಸಲ ಎಣಿಸಿ ನೋಡು. ಎಲ್ಲಿ ತಪ್ಪಾಗಿದೆ?"

ಮುತಾ ಬೆರಳಿಟ್ಟು ಎಣಿಸುತ್ತ ಬಂದ. ಕೊನೆಯ ತಿರುವಿನಲ್ಲಿ ಬೆರಳು ನಿಂತಿತು. ಇಪ್ಪತ್ತೇಳು ವರ್ಷ ಮೀಟರ್ ಬರೆದ ಕೈಯ ಅಕ್ಷರ. ಕೆಂಪು ಶಾಯಿ, ಹೆಬ್ಬೆರಳಿನ ಗಾತ್ರ, ದೂರ ನಿಂತವನಿಗೂ ಕಾಣುವಂತೆ ಹನ್ನೊಂದು ಎಂದಿತ್ತು. ಅದನ್ನು ಒಂಬತ್ತೆಂದು ಓದಲು ಯಾವ ಮಂಜುಗಣ್ಣಿಗೂ ಸಾಧ್ಯವಿರಲಿಲ್ಲ. ಮುತಾ ತಲೆಯೆತ್ತಿ ಇತೊನಾಗನನ್ನು ನೋಡಿದ. ಅವನಿಗೆ ಎಲ್ಲವೂ ಗೊತ್ತಾಯಿತು. ಗೊತ್ತಾದದ್ದು ಇತೊನಾಗನಿಗೂ ಗೊತ್ತಾಯಿತು.

"ಅಂಕಿ ಸ್ವಲ್ಪ ಚಿಕ್ಕದಾಗಿದೆ ಮಾವ," ಎಂದ ಮುತಾ, ಹಾಳೆಯನ್ನು ತನ್ನ ಕಡೆಗೆ ಮಡಿಸಿಕೊಳ್ಳುತ್ತ. "ಈ ಬೆಳಕಲ್ಲಿ ಯಾರಿಗಾದ್ರೂ ತಪ್ಪತ್ತೆ."

"ಹೌದು," ಎಂದ ಇತೊನಾಗ. "ಕನ್ನಡಕ ಬದಲಾಯಿಸ್ಬೇಕು." ಕಣ್ಣಿನ ಮಾನ ಉಳಿಸಿಕೊಳ್ಳಬೇಕಾದರೆ ಮನಸ್ಸನ್ನು ಬಿಚ್ಚಿಡಬೇಕಿತ್ತು. ಅಷ್ಟು ಧೈರ್ಯ ಅವನಲ್ಲಿರಲಿಲ್ಲ.

"ಹಾಗಾದ್ರೆ ಹೀಗೆ ಮಾಡೋಣ," ಎಂದು ಶಿರೌಜು ಕಂಟ್ರೋಲರನ್ನು ವಾಪಸು ತೆಗೆದುಕೊಂಡ. "ನಾನು ನಡೀತೀನಿ. ಇನ್ಮೇಲೆ ಹಾಳೆ ನೋಡಿ ನೀನು ಹೇಳು ಮುತಾ. ನೊರಿ ಸುಮ್ನೆ ಕೂತು ನೋಡ್ಲಿ, ಪಾಪ, ಎಷ್ಟು ದಿನ ಕಣ್ಣು ನೋಯಿಸ್ಕೊಂಡಿದ್ದಾನೋ."

ಮುತಾ ಎದ್ದು ಬಂದು ಶಿರೌಜುವಿನ ಬಲಗಡೆ ನಿಂತು, ಕೂರಲೋ ಬೇಡವೋ ಎಂದು ಕಾದ. ಇತೊನಾಗ ಸರಿದು ಜಾಗ ಬಿಟ್ಟ.